ಕಿಟಕಿಯ ಕದದಿಂದ ಒಡವೆಯ ಚೌಕಟ್ಟು: ಮಗಳಿಗೊಂದು ಪತ್ರ

ಸಾಗರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಜುಮುಕಿಗಳೆಲ್ಲ ಒಂದೇ ಡಬ್ಬಿಯಲ್ಲಿ ಸೇರಿ ಸರಗಳೊಂದಿಗೆ ಗಂಟು ಬೀಳುತ್ತಿವೆ ಎಂದೂ, ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲವೆಂದೂ, ಅಂಗಡಿಯ ಪ್ಲಾಸ್ಟಿಕ್ ಸ್ಟ್ಯಾಂಡಿಗೆ ದುಡ್ಡು ಹಾಕಲು ಮನಸ್ಸಿಲ್ಲವೆಂದೂ ನೀನು ಹೇಳಿದ್ದೆಯಲ್ಲ, ಅದಕ್ಕೊಂದು ದಾರಿ ಕಂಡಿದೆ. ಅಜ್ಜನ ಮನೆಯ ಹಿಂಭಾಗವನ್ನು ಬಿಚ್ಚಿಸಿದಾಗ ತೊಲೆ, ಜಂತಿ, ಬಾಗಿಲವಾಡಗಳನ್ನೆಲ್ಲ ಹಳೆ ಮರದ ವ್ಯಾಪಾರಿಗಳು ಕೊಂಡೊಯ್ದರು. ಅಡುಗೆಮನೆಯ ಕಿಟಕಿಯ ಒಂದು ಕದವನ್ನು ಮಾತ್ರ ನಾನು ಕೊಡಲಿಲ್ಲ. ಅದು ಸಾಗುವಾನಿಯದು, ಸುಮಾರು ಒಂದೂವರೆ ಅಡಿ ಎತ್ತರ, ಒಂದು ಅಡಿ ಅಗಲ ಇದೆ. ನಡುವಿನ ಗಾಜು ಒಡೆದುಹೋಗಿರುವುದರಿಂದ ಈಗ ಅದು ಬರಿಯ ಚೌಕಟ್ಟು. ಅದರ ಹಳೆಯ ಬಣ್ಣ ತೆಗೆಯುವ ಕೆಲಸವನ್ನು ಇಲ್ಲಿಯೇ ಮುಗಿಸಿ ಬಸ್ಸಿನ ಪಾರ್ಸೆಲ್‌ನಲ್ಲಿ ಕಳುಹಿಸುತ್ತೇನೆ. ಉಳಿದದ್ದನ್ನು ನೀನೇ ಮಾಡಬೇಕು. ನಿನ್ನ ಒಡವೆಗಳು ಯಾವುವು, ಯಾವುದನ್ನು ದಿನವೂ ತೊಡುತ್ತೀ ಎಂಬುದು ನಿನಗೇ ಚೆನ್ನಾಗಿ ಗೊತ್ತು.

ಕೆಲಸಕ್ಕೆ ತೊಡಗುವ ಮೊದಲು ಒಂದು ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಹಳೆಯ ಸಾಮಾನಿನಿಂದ ಹೊಸದೇನನ್ನಾದರೂ ಮಾಡುವವರು ಸಾಮಾನ್ಯವಾಗಿ ಅದರ ಅಂದವನ್ನು ನೋಡುತ್ತಾರೆಯೇ ಹೊರತು ಅದು ಏನನ್ನು ಹೀರಿಕೊಂಡಿದೆ, ಏನನ್ನು ಹೊರಬಿಡುತ್ತಿದೆ ಎಂದು ವಿಚಾರಿಸುವುದಿಲ್ಲ. ಬೇರೆ ಕೆಲಸಗಳಿಗೆ ಅದು ನಡೆದೀತು, ಲೋಹದ ಒಡವೆಯ ಮಟ್ಟಿಗೆ ನಡೆಯದು. ರಬ್ಬರಿನಲ್ಲಿಯೂ ಉಣ್ಣೆಯಲ್ಲಿಯೂ ಗಂಧಕವಿರುತ್ತದೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದಲೇ. ಪಿ.ವಿ.ಸಿ. ಪೈಪು ಹಳತಾದಂತೆ ಆಮ್ಲದ ಆವಿಯನ್ನು ಬಿಡುತ್ತದೆ. ಅದು ತಾಮ್ರ ಮತ್ತು ಹಿತ್ತಾಳೆಗೆ ಶತ್ರು. ಮರವೂ ನಿರಪರಾಧಿಯಲ್ಲ, ಸ್ವಲ್ಪಮಟ್ಟಿನ ಆಮ್ಲದ ಆವಿ ಎಲ್ಲ ಮರದಿಂದಲೂ ಬರುತ್ತದೆ, ಓಕ್‌ನಂಥ ಮರಗಳಿಂದ ಬಹಳ ಹೆಚ್ಚು. ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಈ ಆವಿ ಒಳಗೇ ತುಂಬಿಕೊಳ್ಳುತ್ತದೆ, ತೆರೆದ ಚೌಕಟ್ಟಿನಲ್ಲಿ ಗಾಳಿಗೆ ಹರಡಿಹೋಗುತ್ತದೆ. ನಮ್ಮೂರಿನ ಗುಡಿಗಾರರ ಕೆತ್ತನೆಯ ಪೆಟ್ಟಿಗೆಗಳನ್ನು ಬಲ್ಲ ನಿನಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೂ ದಿನಬಳಕೆಯ ಕೃತಕ ಒಡವೆಗಳಿಗೆ ಪೆಟ್ಟಿಗೆಗಿಂತ ಚೌಕಟ್ಟೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇದನ್ನು ಪರೀಕ್ಷಿಸುವ ಒಂದು ಕ್ರಮ ವಸ್ತುಸಂಗ್ರಹಾಲಯಗಳಲ್ಲಿದೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ ಎಂಬ ವಿಜ್ಞಾನಿ 1973ರಲ್ಲಿ ಅದನ್ನು ರೂಪಿಸಿದರು. ಪ್ರದರ್ಶನ ಪೆಟ್ಟಿಗೆಗೆ ಬಳಸಬೇಕೆಂದಿರುವ ಬಟ್ಟೆ, ಹಲಗೆ ಅಥವಾ ಅಂಟಿನ ತುಣುಕನ್ನು ಬೆಳ್ಳಿ, ತಾಮ್ರ ಮತ್ತು ಸೀಸದ ಸಣ್ಣ ತಗಡುಗಳೊಂದಿಗೆ ಗಾಜಿನ ಪಾತ್ರೆಯಲ್ಲಿಟ್ಟು, ಸ್ವಲ್ಪ ನೀರಿನ ಪಸೆ ಸೇರಿಸಿ, ಬಿಗಿಯಾಗಿ ಮುಚ್ಚಿ, 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಡುತ್ತಾರೆ. ತಗಡುಗಳು ಬಣ್ಣ ಬದಲಿಸದಿದ್ದರೆ ಆ ವಸ್ತುವನ್ನು ಒಪ್ಪುತ್ತಾರೆ. ಸೀಸ ನಮಗೆ ಬೇಡ, ಅಷ್ಟು ಶಾಖವೂ ಬೇಡ. ನೀನು ಕೂಡಿಟ್ಟಿರುವ ಸೀರೆಯ ತುಂಡು, ರಟ್ಟಿನ ಕೊಳವೆ, ಪೈಪಿನ ಚೂರು ಇವುಗಳಲ್ಲಿ ಒಂದೊಂದನ್ನು ಒಂದೊಂದು ಉಪ್ಪಿನಕಾಯಿ ಬಾಟಲಿಗೆ ಹಾಕು. ಬಾಟಲಿಗಳನ್ನು ಮೊದಲು ವಾಸನೆ ಹೋಗುವಂತೆ ತೊಳೆದಿರಬೇಕು. ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ಒಣಗಿಸಿದ ತಾಮ್ರದ ತಂತಿಯ ಚೂರನ್ನೂ ಮುರಿದ ಗೆಜ್ಜೆಯ ಒಂದು ಬೆಳ್ಳಿ ಕೊಂಡಿಯನ್ನೂ ಪ್ರತಿಯೊಂದರಲ್ಲಿ ಇಟ್ಟು, ಒದ್ದೆ ಹತ್ತಿಯ ಉಂಡೆಯೊಂದನ್ನು ಸೇರಿಸಿ, ಮುಚ್ಚಳ ಬಿಗಿದು, ಬೆಚ್ಚಗಿರುವ ಜಾಗದಲ್ಲಿ ಒಂದು ತಿಂಗಳು ಬಿಡು. ಇನ್ನೊಂದು ಬಾಟಲಿಯಲ್ಲಿ ಲೋಹ ಮತ್ತು ಹತ್ತಿ ಮಾತ್ರ ಇರಲಿ. ಅದರೊಂದಿಗೆ ಹೋಲಿಸಿ ನೋಡಿದಾಗಲೇ ವ್ಯತ್ಯಾಸ ತಿಳಿಯುವುದು. ಬೆಳ್ಳಿ ಹಳದಿಗೆ ತಿರುಗಿ ಕಂದಾಗಿದ್ದರೆ ಗಂಧಕವಿದೆ ಎಂದು ತಿಳಿ, ತಾಮ್ರದ ಮೇಲೆ ಹಸಿರು ಕಿಲುಬು ಕಂಡರೆ ಆಮ್ಲವೋ ಕ್ಲೋರೈಡೋ ಇದೆಯೆಂದು ತಿಳಿ. ಇದು ಒರಟು ಪರೀಕ್ಷೆಯೇ ಸರಿ, ಆದರೆ ಅಂಗಡಿಯವರ ಮಾತಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಬಣ್ಣ ತೆಗೆಯುವುದನ್ನು ನಿನಗೆ ಬಿಡದಿರುವುದಕ್ಕೂ ಕಾರಣವಿದೆ. ಕದದ ಮೇಲಿರುವುದು ಹಳೆಯ ಕಾಲದ ಹಸಿರು ಬಣ್ಣ. ಹಿಂದೆ ಹಳದಿ ಬಣ್ಣಕ್ಕೆ ಸೀಸದ ಕ್ರೋಮೇಟನ್ನು ಬಳಸುತ್ತಿದ್ದರು, ಅದಕ್ಕೆ ನೀಲಿ ಬೆರೆಸಿ ಹಸಿರು ಮಾಡುತ್ತಿದ್ದರು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು 2016ರಲ್ಲಿ ಮಾಡಿದರು, ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಿಂದಿನ ಯಾವುದೇ ಬಣ್ಣ ಬಳಿದ ಮರವನ್ನು ಒಣಗಿದ್ದಾಗ ಉಜ್ಜುಕಾಗದದಿಂದ ತಿಕ್ಕಬಾರದು, ಬೆಂಕಿಯಿಂದ ಸುಟ್ಟು ತೆಗೆಯಲೂ ಬಾರದು. ಆ ಧೂಳೂ ಹೊಗೆಯೂ ಉಸಿರಿನೊಂದಿಗೆ ಮೈಸೇರುತ್ತವೆ. ನೀರು ಚಿಮುಕಿಸುತ್ತ, ಮೂಗುಬಾಯಿ ಮುಚ್ಚಿಕೊಂಡು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಹೆರೆಯಬೇಕು. ಹೆರೆದದ್ದನ್ನು ತೋಟಕ್ಕೆ ಚೆಲ್ಲದೆ ಕಟ್ಟಿಡಬೇಕು. ಇದು ನಿನ್ನ ಎರಡು ಕೋಣೆಯ ಮನೆಯಲ್ಲಿ ಮಾಡುವ ಕೆಲಸವಲ್ಲ. ಹಳೆಯ ಬಣ್ಣ ಚೆಕ್ಕೆ ಏಳುತ್ತಿರುವುದೇ ಚೆಂದವೆಂದು ಅದನ್ನು ಹಾಗೆಯೇ ಉಳಿಸಿಕೊಳ್ಳುವ ಫ್ಯಾಷನ್ ಒಂದಿದೆ. ಕಿವಿಗೂ ಮೂಗಿಗೂ ಹಾಕುವ ಆಭರಣವನ್ನು ಅಂಥ ಬಣ್ಣದ ಮೇಲೆ ತೂಗುಹಾಕುವುದು ಬುದ್ಧಿವಂತಿಕೆಯಲ್ಲ.

ಮುರಿದ ಮೊಳೆಗಳನ್ನು ಅಯಸ್ಕಾಂತ ಆಡಿಸಿ ಹುಡುಕಿ ಕಿತ್ತಿದ್ದೇನೆ. ಮಲೆನಾಡಿನ ಮಳೆಯಲ್ಲಿ ನೆನೆದ ಮರವಾದ್ದರಿಂದ ಒಳಗೆ ಇನ್ನೂ ತೇವವಿದೆ. ಬೆಂಗಳೂರಿನ ಒಣಗಾಳಿಗೆ ಹೋದಾಗ ಅದು ಅಡ್ಡಗಲಕ್ಕೆ ಸ್ವಲ್ಪ ಕುಗ್ಗುತ್ತದೆ. ಆದುದರಿಂದ ಪಾರ್ಸೆಲ್ ಬಂದ ಕೂಡಲೇ ಕೆಲಸಕ್ಕೆ ಕೂರಬೇಡ. ಕದವನ್ನು ನೆರಳಿನಲ್ಲಿ ಒರಗಿಸಿಟ್ಟು ವಾರಕ್ಕೊಮ್ಮೆ ತೂಕ ಹಾಕು, ತೂಕ ಇಳಿಯುವುದು ನಿಂತ ಮೇಲೆ ಜಾಲರಿ ಬಿಗಿ. ಅಷ್ಟರೊಳಗೆ ಸಣ್ಣ ರಂಧ್ರಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳುವಿದೆಯೆಂದು ಅರ್ಥ, ನನಗೆ ತಿಳಿಸು. ಸಾಗುವಾನಿಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಜಾಗವನ್ನು ಮೊದಲು ಸ್ಪಿರಿಟ್‌ನಿಂದ ಒರೆಸಬೇಕು.

ಮೆರುಗಿಗೆ ಅಗಸೆ ಎಣ್ಣೆ ಬೇಡ. ಅದು ಒಣಗುವಾಗ ದಿನಗಟ್ಟಲೆ ಆಮ್ಲದ ಆವಿ ಬಿಡುತ್ತದೆ. ಸಾಲದ್ದಕ್ಕೆ, ಆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುವುದೂ ಉಂಟು. ಅರಗಿನ ಪಾಲಿಶ್ ಬಳಸು. ಅರಗಿನ ಹುಳು ಸ್ರವಿಸಿದ ರಾಳವನ್ನು ಸ್ಪಿರಿಟ್‌ನಲ್ಲಿ ಕರಗಿಸಿದರೆ ಆಯಿತು. ಹತ್ತಿಬಟ್ಟೆಯ ಉಂಡೆಯಿಂದ ತೆಳುವಾಗಿ ಮೂರು ನಾಲ್ಕು ಸಲ ಸವರಿದರೆ ಸಾಗುವಾನಿಯ ಎಳೆ ತೇಲಿಬರುತ್ತದೆ. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ, ಅಲ್ಲಿ ಚರಕಿ ಎಂಬ ಯಂತ್ರದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ತಿಕ್ಕಾಟದ ಬಿಸಿಗೆ ಮೆತ್ತುತ್ತಾರೆ. ಅರಗಿಗೆ ಒಂದು ದೌರ್ಬಲ್ಯವಿದೆ: ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ. ಆದ್ದರಿಂದ ಚೌಕಟ್ಟಿನ ಮುಂದೆ ನಿಂತು ಸೆಂಟು ಸಿಂಪಡಿಸಿಕೊಳ್ಳಬೇಡ.

ಗಾಜಿದ್ದ ಜಾಗಕ್ಕೆ ಅಟ್ಟದ ಮೇಲಿದ್ದ ಹಿತ್ತಾಳೆಯ ವಂದರಿಯ (ಜರಡಿಯ) ಜಾಲರಿಯನ್ನು ಕಳುಹಿಸುತ್ತಿದ್ದೇನೆ. ವಂದರಿಯ ಸುತ್ತಿನ ಬಳೆ ಮುರಿದಿದೆ, ಜಾಲರಿ ಗಟ್ಟಿಯಾಗಿದೆ. ಕಣ್ಣು ಮೂರು ನಾಲ್ಕು ಮಿಲಿಮೀಟರ್ ಇರುವುದರಿಂದ ಕೊಕ್ಕೆಯ ಜುಮುಕಿಗಳು ಸಲೀಸಾಗಿ ಸಿಕ್ಕಿಕೊಳ್ಳುತ್ತವೆ; ಸೊಳ್ಳೆಪರದೆಯ ಜಾಲರಿಯಾಗಿದ್ದರೆ ತೀರಾ ಸಣ್ಣದಾಗುತ್ತಿತ್ತು, ಕೋಳಿಗೂಡಿನದಾದರೆ ಜೋಲುತ್ತಿತ್ತು. ಅಂಚನ್ನು ಕತ್ತರಿಸಿದ ಮೇಲೆ ಒಳಮಡಚಿ, ಗಾಜು ಕೂರುತ್ತಿದ್ದ ಕಚ್ಚಿನಲ್ಲಿಟ್ಟು, ಮೇಲೆ ಹಳೆಯ ಬೀಡಿಂಗ್ ಪಟ್ಟಿಯನ್ನೇ ಸಣ್ಣ ಮೊಳೆಗಳಿಂದ ಬಡಿ. ಜಾಲರಿ ಮುಕ್ಕಾಲು ಭಾಗಕ್ಕೆ ಸಾಕು. ಉಳಿದ ಕಾಲು ಭಾಗಕ್ಕೆ ನಡುಭಾಗ ಕತ್ತರಿಸಿ ತೆಗೆದ ತೆಳ್ಳನೆಯ ಹಲಗೆಯೊಂದಕ್ಕೆ ಎರಡು ಪದರ ಹತ್ತಿಬಟ್ಟೆಯನ್ನು ಬಿಗಿಯಾಗಿ ಸುತ್ತಿ ಕೂರಿಸಬೇಕು, ಏಕೆಂದರೆ ಕಡ್ಡಿಯ ಟಾಪ್ಸುಗಳು ಜಾಲರಿಯ ಮೇಲೆ ನಿಲ್ಲುವುದಿಲ್ಲ, ಬಟ್ಟೆಗೆ ಚುಚ್ಚಿದರೆ ನಿಲ್ಲುತ್ತವೆ. ಅಮ್ಮನ ಹಳೆಯ ಇಳಕಲ್ ಸೀರೆಯ ತುಂಡು ಚೆಂದವೇ, ಆದರೆ ಬಣ್ಣ ಬಿಡದೆಂದು ಖಚಿತವಾದ ಮೇಲೆ ಬಳಸು. ನನ್ನನ್ನು ಕೇಳಿದರೆ ಹತ್ತಾರು ಸಲ ಒಗೆದ ಬಿಳಿ ಪಂಚೆಯ ತುಂಡೇ ಉತ್ತಮ. ಕೆಂಪಿನ ಓಲೆಯ ತಿರುಪು ಕಳೆಯದಂತೆ ಬಟ್ಟೆಯ ಹಿಂದೆ ಬೆರಳು ಹೋಗುವಷ್ಟು ಜಾಗ ಬಿಡುವುದನ್ನು ಮರೆಯಬೇಡ.

ಸರಗಳಿಗೆ ಕೊಕ್ಕೆ ಕೊಂಡುತರಬೇಕಾಗಿಲ್ಲ. ಸೈಕಲ್ ರಿಪೇರಿ ಅಂಗಡಿಯಲ್ಲಿ ಎಸೆಯುವ ಕಡ್ಡಿಗಳು ಸುಮಾರು ಎರಡು ಮಿಲಿಮೀಟರ್ ದಪ್ಪವಿರುತ್ತವೆ. ಇಕ್ಕಳದಲ್ಲಿ ಹಿಡಿದು ದಪ್ಪ ಮೊಳೆಯ ಸುತ್ತ ಬಗ್ಗಿಸಿದರೆ ಒಳ್ಳೆಯ ಕೊಕ್ಕೆಗಳಾಗುತ್ತವೆ. ತುಕ್ಕಿನ ಕಲೆಯಿದ್ದದ್ದನ್ನು ತೆಗೆದುಕೊಳ್ಳಬೇಡ. ಮೇಲ್ಪಟ್ಟಿಯಲ್ಲಿ ಎರಡೆರಡು ಅಂಗುಲದ ಅಂತರದಲ್ಲಿ, ಒಂದನ್ನು ಮೇಲೆ ಒಂದನ್ನು ಕೆಳಗೆ ಬರುವಂತೆ ಕೂರಿಸಿದರೆ ಸರಗಳು ಒಂದಕ್ಕೊಂದು ತೊಡರುವುದಿಲ್ಲ, ಒನ್ ಗ್ರಾಮ್ ಗೋಲ್ಡ್ ಸರಗಳ ತೆಳುಲೇಪ ಉಜ್ಜಿ ಸವೆಯುವುದೂ ಇಲ್ಲ. ಮುತ್ತಿನ ಸರವನ್ನು ಮಾತ್ರ ತೂಗುಹಾಕಬಾರದು. ಮುತ್ತುಗಳ ಭಾರಕ್ಕೆ ರೇಷ್ಮೆ ದಾರ ಕ್ರಮೇಣ ಹಿಗ್ಗಿ ಮಣಿಗಳ ನಡುವೆ ಎಡೆ ಬೀಳುತ್ತದೆ. ಮುತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಬೆವರಿನ ಆಮ್ಲವೂ ಅದರ ಕಾಂತಿಯನ್ನು ತಿನ್ನುತ್ತದೆ. ತೊಟ್ಟು ತೆಗೆದ ಮೇಲೆ ಒರೆಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಮಲಗಿಸಿಡು.

ಬಳೆಗಳದ್ದೇ ನನಗೆ ಹೆಚ್ಚು ಯೋಚನೆಯಾದದ್ದು. ನಿನ್ನ ಅಳತೆ ಎರಡು ನಾಲ್ಕು, ಎಂದರೆ ಒಳವ್ಯಾಸ ಎರಡು ಅಂಗುಲ ಮತ್ತು ಹದಿನಾರರಲ್ಲಿ ನಾಲ್ಕು ಭಾಗ, ಸುಮಾರು 57 ಮಿಲಿಮೀಟರ್. ಅದನ್ನು ಎರಡು ದಶಾಂಶ ನಾಲ್ಕು ಎಂದು ಲೆಕ್ಕ ಹಾಕಿ ದಪ್ಪದ ಕೊಳವೆ ತಂದರೆ ಬಳೆ ಏರುವುದೇ ಇಲ್ಲ. ಅಜ್ಜಿಯ ಹಲಸಿನ ಮರದ ಲಟ್ಟಣಿಗೆ ಒಂದೂವರೆ ಅಂಗುಲ ದಪ್ಪವಿದ್ದು, ಉದ್ದವೂ ಚೌಕಟ್ಟಿನ ಅಗಲಕ್ಕೆ ಸರಿಹೊಂದುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದಿರುವುದರಿಂದ ಬಿಸಿನೀರಿನಲ್ಲಿ ಸೋಪು ಹಾಕಿ ತಿಕ್ಕಿ ತೊಳೆದು ಒಣಗಿಸು. ಚೌಕಟ್ಟಿನ ಬುಡದಲ್ಲಿ ಎರಡೂ ಬದಿಗೆ, ಮೇಲ್ಗಡೆ ತೆರೆದ ಕಚ್ಚಿರುವ ಮರದ ತುಂಡುಗಳನ್ನು ಸ್ಕ್ರೂ ಹಾಕಿ ಕೂರಿಸಿ ಅದರಲ್ಲಿ ಲಟ್ಟಣಿಗೆಯನ್ನು ಇಡು. ಬಳೆ ತೆಗೆಯುವಾಗ ಎತ್ತಿಕೊಂಡರೆ ಸಾಕು. ಗಾಜಿನ ಬಳೆಗಳ ಭಾರ ಬುಡದಲ್ಲಿರುವುದರಿಂದ ಚೌಕಟ್ಟು ಮುಂದಕ್ಕೆ ಮಗುಚುವ ಭಯವೂ ಕಡಿಮೆ.

ಬೆಳ್ಳಿಯ ಗೆಜ್ಜೆ, ಸರಗಳನ್ನು ಚೌಕಟ್ಟಿಗೆ ಹಾಕಬೇಡ, ತೆರೆದ ಗಾಳಿಯಲ್ಲಿರುವ ಗಂಧಕವೇ ಸಾಕು ಅವು ಕಪ್ಪಾಗಲು. ಜಿಪ್ ಇರುವ ಚೀಲದಲ್ಲಿ ಗಾಳಿ ಹಿಂಡಿ ಇಡು, ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡ. ಕಪ್ಪಾದರೆ ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿ ಬಿಸಿನೀರು ಮತ್ತು ಅಡುಗೆ ಸೋಡಾ ಹಾಕಿ, ಬೆಳ್ಳಿ ಹಾಳೆಗೆ ತಾಗುವಂತೆ ಮುಳುಗಿಸು. ಗಂಧಕ ಅಲ್ಯೂಮಿನಿಯಂಗೆ ವರ್ಗವಾಗಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆಕ್ಸಿಡೈಸ್ಡ್ ಬೆಳ್ಳಿಯ ಒಡವೆಗಳನ್ನು ಇದರಲ್ಲಿ ಅದ್ದಬೇಡ, ಬೇಕೆಂದೇ ತರಿಸಿದ ಕಪ್ಪೂ ಹೋಗಿಬಿಡುತ್ತದೆ. ಚಿನ್ನದ ಮಾತು ಇಲ್ಲಿ ಬೇಡ, ಅದು ಲಾಕರಿನಲ್ಲಿರಲಿ.

ಗೋಡೆಗೆ ಮೊಳೆಯಿಲ್ಲದೆ ನಿಲ್ಲಿಸುವುದಕ್ಕೆ ಕದದ ಹಳೆಯ ಬಿಜಾಗರಿಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ. ಅದರಿಂದ ಹಿಂಬದಿಗೆ ಒಂದು ಊರುಗಾಲನ್ನು ಜೋಡಿಸಿ, ಅದು ಜಾರದಂತೆ ನಡುವೆ ಹುರಿಯೊಂದನ್ನು ಕಟ್ಟಿದರೆ ಚೌಕಟ್ಟು ಸ್ವಲ್ಪ ಹಿಂದಕ್ಕೆ ವಾಲಿ ನಿಲ್ಲುತ್ತದೆ, ಜುಮುಕಿಗಳು ಜೋಲಾಡದೆ ಜಾಲರಿಗೆ ಒರಗಿಕೊಳ್ಳುತ್ತವೆ. ಊರುಗಾಲಿನ ಉದ್ದ ನೀನು ಅದನ್ನಿಡುವ ಜಾಗದ ಆಳವನ್ನು ಅವಲಂಬಿಸಿದೆ. ಆದುದರಿಂದ ಮೇಜಿನ ಮೇಲಿಡುವೆಯೋ ಕಪಾಟಿನ ಮೇಲಿಡುವೆಯೋ ನಿರ್ಧರಿಸಿ, ಮುಂದಿನ ಅಂಚಿನಿಂದ ಗೋಡೆಯವರೆಗೆ ಅಳೆದು ಈ ವಾರದೊಳಗೆ ತಿಳಿಸು. ಅಮ್ಮ ಪಾರ್ಸೆಲಿನಲ್ಲಿ ಚಕ್ಕುಲಿಯನ್ನೂ ಇಡಬೇಕೆಂದಿದ್ದಾಳೆ. ಅದರ ಎಣ್ಣೆ ಪಂಚೆಯ ತುಂಡಿಗೆ ತಾಗಬಾರದೆಂದು ಬೇರೆ ಡಬ್ಬಿ ಕೇಳಿದ್ದೇನೆ.

ಇಂತಿ,
ನಿನ್ನ ಅಪ್ಪ