ಮೆದಿಚಿ ಬ್ಯಾಂಕು ಮುಳುಗಿದ್ದು ಚಿತ್ರಕಲೆಯಿಂದಲ್ಲ

ಮಾನ್ಯ ಸಂಪಾದಕರೇ,

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬ್ಯಾಂಕು ನಡೆಸುತ್ತಿದ್ದ ಮೆದಿಚಿ ಮನೆತನ ಕಲಾವಿದರಿಗೆ ಹಣ ಸುರಿದು ದಿವಾಳಿಯಾಯಿತು ಎಂಬ ಮಾತು ಆಗಾಗ ಅಚ್ಚಾಗುತ್ತಿರುತ್ತದೆ. ಬ್ಯಾಂಕಿನ ಕರಾರುಪತ್ರಗಳು ಬೇರೆಯೇ ಹೇಳುತ್ತವೆ.

1397ರಲ್ಲಿ ಜೊವಾನ್ನಿ ದಿ ಬಿಚ್ಚಿ ಬ್ಯಾಂಕು ತೆರೆದಾಗ ಬಂಡವಾಳ 10,000 ಫ್ಲೊರಿನ್ (ಫ್ಲಾರೆನ್ಸಿನ ಚಿನ್ನದ ನಾಣ್ಯ), ಅದರಲ್ಲಿ ಅವನ ಪಾಲು 5,500. ಬಡ್ಡಿ ಪಾಪವೆಂದು ಚರ್ಚ್ ಸಾರಿದ್ದರಿಂದ ಸಾಲದ ಲಾಭ ಹುಂಡಿಯೊಳಗೆ, ಅಂದರೆ ಒಂದು ಊರಿನಲ್ಲಿ ಕೊಟ್ಟ ಹಣವನ್ನು ಇನ್ನೊಂದು ಊರಿನಲ್ಲಿ ಪಡೆಯುವ ಪತ್ರದೊಳಗೆ, ಅಡಗಿರುತ್ತಿತ್ತು. ಫ್ಲಾರೆನ್ಸಿನಲ್ಲಿ ಫ್ಲೊರಿನ್ ಕೊಟ್ಟು, ಮೂರು ತಿಂಗಳ ಬಳಿಕ ಲಂಡನ್ನಿನಲ್ಲಿ ಸ್ಟರ್ಲಿಂಗ್ ಪಡೆದು, ಅದನ್ನು ಇನ್ನೊಂದು ಹುಂಡಿಯಲ್ಲಿ ವಾಪಸು ತರಿಸಿದರೆ ಎರಡು ವಿನಿಮಯ ದರಗಳ ನಡುವಿನ ವ್ಯತ್ಯಾಸವೇ ಬಡ್ಡಿ.

ಒಂದೊಂದು ಶಾಖೆಯೂ ಪ್ರತ್ಯೇಕ ಪಾಲುದಾರಿಕೆ. ಬ್ರೂಜ್ (ಈಗಿನ ಬೆಲ್ಜಿಯಂನ ಊರು) ಶಾಖೆಯ 1455ರ ಕರಾರಿನಲ್ಲಿ ಒಟ್ಟು ಬಂಡವಾಳ ಅಲ್ಲಿನ ಹಣದಲ್ಲಿ 3,000 ಪೌಂಡ್ ಗ್ರೋಟ್. ವ್ಯವಸ್ಥಾಪಕ ಆಞೋಲೊ ತಾನಿ ಹಾಕಿದ್ದು 500, ಅಂದರೆ ಆರರಲ್ಲಿ ಒಂದು ಪಾಲು. ಲಾಭದಲ್ಲಿ ಸಿಗುತ್ತಿದ್ದುದು ಐದರಲ್ಲಿ ಒಂದು. ಜೂಜು ಕೂಡದು, ಒಪ್ಪಿಗೆಯಿಲ್ಲದೆ ದೊರೆಗಳಿಗೆ ಸಾಲ ಕೂಡದು, ಪ್ರತಿ ಮಾರ್ಚ್ 24ಕ್ಕೆ ಲೆಕ್ಕ ಮುಗಿಸಿ ಫ್ಲಾರೆನ್ಸಿಗೆ ಕಳಿಸಬೇಕು. ಅದೇ ವರ್ಷ, ಲಂಡನ್ ಶಾಖೆ ಮಾರಿದ ಒಂಬತ್ತು ಮೂಟೆ ಉಣ್ಣೆಯ ಕಟ್ಟು ಸರಿಯಿಲ್ಲವೆಂದು ವರ್ತಕನೊಬ್ಬ ಬ್ರೂಜ್ ಶಾಖೆಯ ಮೇಲೆ ದಾವೆ ಹೂಡಿದ. ಎರಡೂ ಬೇರೆ ಬೇರೆ ಕಂಪನಿಗಳೆಂದು ನ್ಯಾಯಾಲಯ ಒಪ್ಪಿತು. ಕಾಗದದ ಮೇಲೆ ಇಷ್ಟು ಗಟ್ಟಿ ಗೋಡೆ!

ಆದರೆ ಶಾಖೆಗಳು ಪರಸ್ಪರ ಸಾಲ ಕೊಡುತ್ತಿದ್ದವು. ಗೋಡೆ ಬಿರಿದದ್ದು ಅಲ್ಲೇ. ಫ್ಲಾರೆನ್ಸಿನ ಮಗ್ಗಗಳಿಗೆ ಇಂಗ್ಲಿಷ್ ಉಣ್ಣೆ ಬೇಕು, ಉಣ್ಣೆ ಸಾಗಿಸಲು ರಾಜನ ಪರವಾನಗಿ ಬೇಕು, ಪರವಾನಗಿಗೆ ನಾಲ್ಕನೇ ಎಡ್ವರ್ಡ್ ಕೇಳುತ್ತಿದ್ದುದು ಸಾಲ. ಹಳೆಯ ಸಾಲ ವಸೂಲಿಗೂ ಹೊಸ ಸಾಲ ಕೊಡಬೇಕಾಯಿತು. ಕೊನೆಗೆ ಲಂಡನ್ನಿನ ನಷ್ಟ ಬ್ರೂಜ್‌ನ ಹೆಗಲೇರಿತು. ಅಲ್ಲಿ ತಾನಿಯ ಜಾಗಕ್ಕೆ ಬಂದಿದ್ದ ತೊಮ್ಮಾಸೊ ಪೋರ್ತಿನಾರಿ ಆ ಸೀಮೆಯನ್ನು ಆಳುತ್ತಿದ್ದ ಬರ್ಗಂಡಿಯ ಡ್ಯೂಕ್ ಚಾರ್ಲ್ಸನಿಗೆ ಮಿತಿ ಮೀರಿ ಸಾಲ ಕೊಟ್ಟಿದ್ದ. 1477ರ ಜನವರಿಯಲ್ಲಿ ಚಾರ್ಲ್ಸ್ ನಾನ್ಸಿ ಯುದ್ಧದಲ್ಲಿ ಸತ್ತ. ಮೆದಿಚಿಗಳನ್ನು ಕೊಲ್ಲಲು ಪಾತ್ಸಿ ಮನೆತನ ಹೂಡಿದ ಪಿತೂರಿ ನಡೆದದ್ದು ಮರುವರ್ಷ. ಅಷ್ಟರಲ್ಲಿ ಹಣ ಕರಗಿಹೋಗಿತ್ತು. ಇಷ್ಟೆಲ್ಲ ಆಗುವಾಗ ಲೆಕ್ಕ ಪರಿಶೀಲಿಸಬೇಕಿದ್ದ ಪ್ರಧಾನ ವ್ಯವಸ್ಥಾಪಕ ಫ್ರಾಂಚೆಸ್ಕೊ ಸಾಸ್ಸೆತ್ತಿ ಲಗಾಮು ಸಡಿಲ ಬಿಟ್ಟಿದ್ದ. ನಮ್ಮ ಮಟ್ಟಿಗೆ ದೊಡ್ಡ ತಪ್ಪು ಅವನದೇ.

1494ರಲ್ಲಿ ಮನೆತನ ಗಡೀಪಾರಾದಾಗ ಬ್ಯಾಂಕೂ ಮುಗಿಯಿತು. ಮನೆತನ ಮುಗಿಯಲಿಲ್ಲ; ಪೋಪರನ್ನೂ ಡ್ಯೂಕರನ್ನೂ ಕೊಟ್ಟು 1737ರವರೆಗೆ ಆಳಿತು.

ಈ ನಷ್ಟಕ್ಕೂ ಚಿತ್ರಕಲೆಗೂ ನಂಟು ಬೇಕೇ ಬೇಕೆಂದರೆ ಒಂದಿದೆ. ಪೋರ್ತಿನಾರಿ ನಡೆಸುತ್ತಿದ್ದ ಹಡಗೊಂದನ್ನು 1473ರಲ್ಲಿ ಡಾನ್‌ಜಿಗ್ ಬಂದರಿನ ನೌಕಾ ನಾಯಕ ಪೌಲ್ ಬೆನೆಕೆ ಸೆರೆಹಿಡಿದ. ಅದರಲ್ಲಿ ಪಟಿಕದ ಜೊತೆ, ತಾನಿ ಬರೆಸಿದ್ದ ಮೆಮ್ಲಿಂಗನ ‘ಅಂತಿಮ ತೀರ್ಪು’ ಚಿತ್ರವೂ ಇತ್ತು. ಅದು ಇಂದಿಗೂ ಆ ಊರಿನಲ್ಲೇ, ಈಗಿನ ಗ್ದಾನ್ಸ್ಕ್‌ನಲ್ಲಿದೆ.

– ಆರ್ಥಿಕ ಇತಿಹಾಸದ ಅಧ್ಯಾಪಕರು, ಧಾರವಾಡ