ಮಂಡಿನೋವಿಗೆ ಕುರ್ಚಿ ಮದ್ದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಮಂಡಿನೋವಿನ ಕುರಿತು ಪ್ರಕಟವಾದ ಲೇಖನ ಓದಿದೆ. ‘ಕೀಲು ಸವೆದವರು ನಡಿಗೆ ಕಡಿಮೆ ಮಾಡಿ, ಉಳಿದಿರುವಷ್ಟನ್ನಾದರೂ ಕಾಪಾಡಿಕೊಳ್ಳಬೇಕು’ ಎಂಬ ಸಲಹೆ ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಕೀಲೆಂದರೆ ಗಾಡಿಯ ಟೈರಿನಂತೆ ಓಡಿದಷ್ಟೂ ತೇಯುವ ವಸ್ತು ಎಂದುಕೊಂಡವರು ಹೀಗೆ ಬರೆಯುತ್ತಾರೆ. ವೈದ್ಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ದೇಹದೊಳಗಿನ ಸಂಗತಿ ಬೇರೆಯೇ ಇದೆ.

ಮಂಡಿಯಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿ (ಕಾರ್ಟಿಲೇಜ್) ಎಂಬ ನುಣುಪಾದ ಪದರದ ದಪ್ಪ ಕೆಲವೇ ಮಿಲಿಮೀಟರ್. ಅದರ ತೂಕದಲ್ಲಿ ಹೆಚ್ಚಿನ ಪಾಲು ನೀರು. ವಯಸ್ಕರಲ್ಲಿ ಅದರೊಳಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ರಕ್ತವೇ ಹರಿಯದ ಈ ಪದರಕ್ಕೆ ಪೋಷಣೆ ಸಿಗುವುದು ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದ. ಆರೋಗ್ಯವಂತ ಮಂಡಿಯಲ್ಲಿ ಆ ದ್ರವ ಒಂದು ಟೀ ಚಮಚದಷ್ಟೂ ಇರುವುದಿಲ್ಲ. ಹೆಜ್ಜೆಯೂರಿದಾಗ ಭಾರ ಬಿದ್ದು ಮೃದ್ವಸ್ಥಿಯೊಳಗಿನ ನೀರು ಹೊರಗೆ ಒಸರುತ್ತದೆ, ಕಾಲೆತ್ತಿದಾಗ ಪೋಷಕಾಂಶಗಳೊಡನೆ ಮತ್ತೆ ಒಳಸೇರುತ್ತದೆ. ನಡಿಗೆ ನಿಲ್ಲಿಸಿದರೆ ಈ ಹೋಗಿಬರುವಿಕೆಯೂ ಕುಂದುತ್ತದೆ. ಕಾಪಾಡಲು ಹೊರಟದ್ದನ್ನು ಉಪವಾಸ ಕೆಡವಿದಂತಾಯಿತು.

ನರವಿಲ್ಲದ ಪದರ ಸವೆದರೆ ನೋವೇಕೆ ಎಂದು ಓದುಗರು ಕೇಳಬಹುದು. ಕೀಲಿನ ಒಳಪೊರೆ, ಕೀಲನ್ನು ಸುತ್ತುವರಿದ ಚೀಲದಂಥ ಹೊದಿಕೆ, ಮೃದ್ವಸ್ಥಿಯ ಕೆಳಗಿರುವ ಮೂಳೆ, ಇವುಗಳಲ್ಲಿ ನರತುದಿಗಳಿವೆ. ನೋವು ಹುಟ್ಟುವುದು ಅಲ್ಲಿ. ಎಕ್ಸ್-ರೇ ಚಿತ್ರದಲ್ಲಂತೂ ಮೃದ್ವಸ್ಥಿ ಕಾಣುವುದೇ ಇಲ್ಲ. ಮೂಳೆಗಳ ನಡುವಿನ ಅಂತರ ನೋಡಿ ಸವೆತವನ್ನು ಅಂದಾಜು ಮಾಡುತ್ತಾರೆ. ಅಂತರ ಕಿರಿದಾಗಿದ್ದರೂ ಆರಾಮವಾಗಿ ಓಡಾಡುವವರಿದ್ದಾರೆ, ಚಿತ್ರ ನೆಟ್ಟಗಿದ್ದರೂ ನರಳುವವರಿದ್ದಾರೆ.

ಲೇಖನದಲ್ಲಿ ಸ್ನಾಯುವಿನ ಸುದ್ದಿಯೇ ಇರಲಿಲ್ಲ. ಜೊತೆಗಿದ್ದ ಚಿತ್ರದಲ್ಲೂ ಬರೀ ಮೂಳೆ. ನನಗೆ ಹೆಚ್ಚು ಬೇಸರವಾದದ್ದು ಇದಕ್ಕೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ಮುಂದಕ್ಕೆ ನೀಡಿ, ಹಿಮ್ಮಡಿಯನ್ನು ನೆಲದ ಮೇಲೆ ಸಡಿಲವಾಗಿ ಬಿಡಿ. ಮಂಡಿಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದರೆ ಅತ್ತಿತ್ತ ಸರಿಯುತ್ತದೆ. ಈಗ ತೊಡೆಯನ್ನು ಬಿಗಿಮಾಡಿ. ಚಿಪ್ಪು ತುಸು ಮೇಲಕ್ಕೇರಿ ಕದಲದೆ ನಿಲ್ಲುತ್ತದೆ, ತೊಡೆಯ ಮುಂಭಾಗ ಗಟ್ಟಿಯಾಗುತ್ತದೆ. ಅದೇ ಕ್ವಾಡ್ರಿಸೆಪ್ಸ್, ನಾಲ್ಕು ಭಾಗಗಳ ಸ್ನಾಯು. ಮೆಟ್ಟಿಲಿಳಿಯುವಾಗ ಮೈಭಾರ ಧಡಕ್ಕನೆ ಮಂಡಿಯ ಮೇಲೆ ಬೀಳದಂತೆ ತಡೆದು, ಮೆಲ್ಲನೆ ಇಳಿಸುವುದು ಇದರ ಕೆಲಸ. ಇದು ಸೊರಗಿದರೆ ಕೀಲಿಗೆ ಆಸರೆ ತಪ್ಪುತ್ತದೆ.

ನರಗಳದ್ದು ಇನ್ನೊಂದು ಕಥೆ. ಮಂಡಿಯಲ್ಲಿ ನೀರು ತುಂಬಿ ಊದಿಕೊಂಡಾಗ ಅಲ್ಲಿಂದ ಹೊರಟ ಸಂಕೇತಗಳು ಬೆನ್ನುಹುರಿಯನ್ನು ತಲುಪಿ, ಇದೇ ಸ್ನಾಯುವಿಗೆ ಹೋಗಬೇಕಾದ ಆಜ್ಞೆಯನ್ನು ತಗ್ಗಿಸುತ್ತವೆ. ನಮ್ಮ ಇಚ್ಛೆಗೆ ಅಲ್ಲಿ ಬೆಲೆಯಿಲ್ಲ. ‘ಕಾಲು ಕೈಕೊಡುತ್ತದೆ’ ಎಂದು ರೋಗಿಗಳು ಹೇಳುವುದರ ಹಿಂದೆ ಅನೇಕ ಸಲ ಇದಿರುತ್ತದೆ (ಕಾಲು ಕೈಕೊಡುವುದು ನಮ್ಮ ಕನ್ನಡದ ಒಂದು ಚೋದ್ಯ). ಮೊದಲೇ ಆಜ್ಞೆ ಕುಂದಿದ ಸ್ನಾಯುವಿಗೆ ತಿಂಗಳುಗಟ್ಟಲೆ ವಿಶ್ರಾಂತಿಯನ್ನೂ ಕೊಟ್ಟರೆ ಅದು ಕರಗದೆ ಇನ್ನೇನಾದೀತು?

ಮೂಳೆಯೂ ಹಾಗೆಯೇ. ಭಾರ ಬಿದ್ದ ಕಡೆ ಗಟ್ಟಿಯಾಗುತ್ತದೆ, ಬೀಳದ ಕಡೆ ಕ್ಷೀಣಿಸುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಷ್ಟು ಹಿಂದೆಯೇ ಪ್ರತಿಪಾದಿಸಿದ್ದ. ಬಾಹ್ಯಾಕಾಶ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ತೇಲುವ ಗಗನಯಾತ್ರಿಗಳ ಸೊಂಟದ ಭಾಗದ ಮೂಳೆಸಾಂದ್ರತೆ, ತಕ್ಕ ವ್ಯಾಯಾಮವಿಲ್ಲದಿದ್ದರೆ, ತಿಂಗಳಿಗೆ ಶೇ 1ರಿಂದ 1.5ರಷ್ಟು ಇಳಿಯುತ್ತದೆ.

ನೋವಿರುವವರೆಲ್ಲ ನಾಳೆಯಿಂದಲೇ ಓಡಬೇಕೆಂದು ನಾನು ಹೇಳುತ್ತಿಲ್ಲ. ಸಮತಟ್ಟಾದ ನೆಲದಲ್ಲಿ ನಡೆಯುವುದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ನೀರಿನಲ್ಲಿ ನಡೆಯುವುದು, ಯಾವುದಾದರೂ ಆದೀತು. ಸ್ವಲ್ಪದರಿಂದ ಶುರುಮಾಡಿ ಏರಿಸುತ್ತ ಹೋಗಬೇಕು. ಮಾಡುವಾಗ ತುಸು ನೋವಾದರೆ ಗಾಬರಿ ಬೇಡ. ಮರುದಿನವೂ ನೋವು ಏರಿದ್ದರೆ ಅಷ್ಟರಮಟ್ಟಿಗೆ ತಗ್ಗಿಸಿದರಾಯಿತು. ಆದರೆ ಬಿದ್ದು ಪೆಟ್ಟಾಗಿ ಕಾಲೂರಲು ಆಗದಿದ್ದರೆ, ಮಂಡಿ ಮಡಿಸಿದಲ್ಲೇ ಸಿಕ್ಕಿಕೊಂಡರೆ, ಜ್ವರದ ಜೊತೆ ಕೀಲು ಕೆಂಪಾಗಿ ಬಿಸಿಯೇರಿ ಊದಿದರೆ ವ್ಯಾಯಾಮದ ಮಾತೇ ಇಲ್ಲ. ಅಂದೇ ವೈದ್ಯರಿಗೆ ತೋರಿಸಬೇಕು. ಸೋಂಕು ತಗುಲಿದ ಕೀಲು ಕೆಲವೇ ದಿನಗಳಲ್ಲಿ ಹಾಳಾಗಬಲ್ಲದು.

– ನಿವೃತ್ತ ಅಧ್ಯಾಪಕ