ಕೊಲೆಗಾರನ ನಾಲಿಗೆ

ಪ್ರೀತಿಯ ಗೆಳೆಯಾ,

ಹೋದ ತಿಂಗಳು ಫೋನಿನಲ್ಲಿ ಕೇಳಿದ್ದೆಯಲ್ಲ, "ಕೊಲೆ ಮಾಡಿದವನು ಯಾರು ಅಂತ ಮೊದಲೇ ತೋರಿಸಿಬಿಟ್ಟರೆ ಆಮೇಲೆ ನೋಡೋಕೆ ಏನಿದೆ, ಮಣ್ಣು?" ಅಂತ. ಆಗ ಉತ್ತರ ಹೊಳೆಯಲಿಲ್ಲ. ಸುಮ್ನೆ ನಕ್ಕು ಮಾತು ಬದಲಿಸಿದೆ. ಮೊನ್ನೆ ರಾತ್ರಿ 'ಕೊಲಂಬೋ' ಅನ್ನೋ ಅಮೆರಿಕದ ಪತ್ತೇದಾರಿ ಟಿವಿ ಧಾರಾವಾಹಿಯ ಒಂದು ಹಳೇ ಎಪಿಸೋಡು ಮೂರನೇ ಸಲ ನೋಡಿದೆ. ಉತ್ತರ ಸಿಕ್ಕಿತು. ಕಥೆಯನ್ನೆಲ್ಲ ಹೇಳಿಬಿಡುತ್ತೇನೆ, ಬೈಕೋಬೇಡ. ಇದು ಕಥೆ ಗೊತ್ತಿದ್ದರೂ ಕೆಡದ ಸರಕು.

ಎಪಿಸೋಡಿನ ಹೆಸರು 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್'. ಅಮೆರಿಕದಲ್ಲಿ ಮೊದಲು ಬಂದಿದ್ದು 1973ರ ಅಕ್ಟೋಬರ್ 7ರಂದು. ಬಿರುಗಾಳಿಗೆ ಸಿಕ್ಕ ಹಡಗಿಗೆ ಯಾವ ಬಂದರಾದರೇನು ಅನ್ನೋ ಇಂಗ್ಲಿಷ್ ಗಾದೆಯ ಮೇಲೆ ಆಡಿದ ಚೇಷ್ಟೆ ಅದು. ಪೋರ್ಟ್ ಅಂದರೆ ಬಂದರೂ ಹೌದು, ಒಂದು ಬಗೆಯ ವೈನೂ ಹೌದು. ಎರಡನೇ ಅರ್ಥವನ್ನು ನೆನಪಿಟ್ಟುಕೋ, ಕೊನೆಗೆ ಬೇಕಾಗುತ್ತದೆ.

ಏಡ್ರಿಯನ್ ಕಾರ್ಸಿನಿ ಅಂತ ಒಬ್ಬ. ಕ್ಯಾಲಿಫೋರ್ನಿಯಾದಲ್ಲಿ ವೈನರಿ ನಡೆಸುತ್ತಾನೆ. ವೈನ್ ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿಲ್ಲ. ಆದರೆ ಕಾಗದಪತ್ರದಲ್ಲಿ ಒಡೆಯ ಅವನಲ್ಲ, ಮಲತಮ್ಮ ರಿಕ್. ತಮ್ಮನಿಗೆ ಕಾರು, ಸಮುದ್ರದಲ್ಲಿ ಡೈವಿಂಗು, ಹೊಸ ಮದುವೆ, ಇಷ್ಟೇ ತಲೆಯಲ್ಲಿ. ಅವನು ಬಂದು, ವೈನರಿಯನ್ನು ಮಾರಿನೋ ಬ್ರದರ್ಸ್‌ಗೆ ಮಾರುತ್ತೇನೆ ಅನ್ನುತ್ತಾನೆ. ಮಾರಿನೋದವರು ಅಗ್ಗದ ವೈನನ್ನು ಗ್ಯಾಲನ್ ಲೆಕ್ಕದಲ್ಲಿ ಮಾರುವವರು. ಏಡ್ರಿಯನ್ ಪಾಲಿಗೆ ಅವರ ಸರಕು ಬಾಯಿ ಮುಕ್ಕಳಿಸೋಕೂ ಲಾಯಕ್ಕಿಲ್ಲ. ಸಿಟ್ಟು ನೆತ್ತಿಗೇರಿ ತಮ್ಮನ ತಲೆಗೆ ಬಾರಿಸುತ್ತಾನೆ. ಅತ್ತ ಇನ್ನೊಂದು ಕೋಣೆಯಲ್ಲಿ ಸ್ನೇಹಿತರು ಇವನಿಗೆ ಸಿಕ್ಕಿರುವ ಗೌರವದ ಸುದ್ದಿ ಹಿಡಿದು ಕೂತಿದ್ದಾರೆ!

ತಮ್ಮ ಸತ್ತಿಲ್ಲ, ಪ್ರಜ್ಞೆ ತಪ್ಪಿದ್ದಾನೆ. ಅವನನ್ನು ವೈನ್ ನೆಲಮಾಳಿಗೆಯಲ್ಲಿ ಕಟ್ಟಿಹಾಕಿ, ಏರ್ ಕಂಡೀಷನರ್ ಆರಿಸಿ, ಬಾಗಿಲು ಹಾಕಿಕೊಂಡು ನ್ಯೂಯಾರ್ಕಿಗೆ ಹರಾಜಿಗೆ ಹೊರಡುತ್ತಾನೆ. ಗಾಳಿಯಿಲ್ಲದೆ ಒಳಗಿರುವವನು ಸಾಯುತ್ತಾನೆ. ವಾರ ಬಿಟ್ಟು ಬಂದು, ಹೆಣಕ್ಕೆ ಡೈವಿಂಗ್ ಉಡುಪು ತೊಡಿಸಿ ಸಮುದ್ರಕ್ಕೆ ಹಾಕುತ್ತಾನೆ. ಇಷ್ಟೂ ನಮ್ಮ ಕಣ್ಣೆದುರೇ ಆಗಿಹೋಗುತ್ತದೆ. ಪತ್ತೆ ಮಾಡಬೇಕಾದ ಪೊಲೀಸ್ ಅಧಿಕಾರಿ ಕೊಲಂಬೋ ಇನ್ನೂ ತೆರೆಯ ಮೇಲೆ ಬಂದೇ ಇರುವುದಿಲ್ಲ.

ಆಮೇಲೆ ಬರುತ್ತಾನೆ ನೋಡು. ಮುದುರಿದ ರೇನ್‌ಕೋಟು, ಕೈಯಲ್ಲಿ ಸಿಗಾರು, ಒಂದು ಲಟಾರಿ ಪೂಜೋ ಕಾರು. ಪಾತ್ರ ಮಾಡಿದ ಪೀಟರ್ ಫಾಕ್‌ಗೆ ಬಲಗಣ್ಣು ಗಾಜಿನದು. ಮೂರನೇ ವಯಸ್ಸಿನಲ್ಲೇ ಕಣ್ಣು ಹೋಗಿತ್ತು. ಆ ರೇನ್‌ಕೋಟು ಕೂಡ ಅವರ ಸ್ವಂತದ್ದೇ. ನಮ್ಮ ಕಡೆ ಮದುವೆ ಮನೆಗೆ ಈ ವೇಷದಲ್ಲಿ ಬಂದರೆ ಹಿಂದಿನ ಬಾಗಿಲಿಂದ ಬನ್ನಿ ಅನ್ನುತ್ತಾರೆ. ಎಲ್ಲರೂ ಅವನನ್ನು ಹಾಗೇ ನಡೆಸಿಕೊಳ್ಳುತ್ತಾರೆ. ಅವನಿಗೆ ಬೇಕಾದ್ದೂ ಅದೇ.

ಹೊಂದದ ವಿಷಯ ಎರಡು. ರಿಕ್ ಸಾಯುವ ಮುಂಚೆ ಎರಡು ದಿನ ಏನೂ ತಿಂದಿರಲಿಲ್ಲ ಅನ್ನುತ್ತದೆ ಶವಪರೀಕ್ಷೆ. ಉಪವಾಸ ಇದ್ದುಕೊಂಡು ಯಾರಾದರೂ ಸಮುದ್ರಕ್ಕೆ ಹಾರುತ್ತಾರಾ? ಇನ್ನೊಂದು, ವಾರದ ನಡುವೆ ಮಳೆ ಬಿದ್ದಿದೆ, ಸಮುದ್ರದ ದಡದಲ್ಲೇ ನಿಂತಿತ್ತು ಅನ್ನೋ ಕಾರು ಮಾತ್ರ ಫಳಫಳ ಅನ್ನುತ್ತಿದೆ. ಇಷ್ಟು ಇಟ್ಟುಕೊಂಡು ಯಾರನ್ನೂ ಒಳಗೆ ಹಾಕೋಕಾಗಲ್ಲ. ಅದಕ್ಕೆ ಕೊಲಂಬೋ ವೈನ್ ಕಲಿಯೋಕೆ ಕೂರುತ್ತಾನೆ. ಹೌದು ಕಣೋ, ಕಲಿಯೋಕೆ. ಏಡ್ರಿಯನ್‌ನ ಹಿಂದೆ ಹಿಂದೆ ಓಡಾಡುತ್ತಾ, ಶಾಲೆ ಹುಡುಗನ ಹಾಗೆ ಪ್ರಶ್ನೆ ಕೇಳುತ್ತಾ. ಅವನೂ ಖುಷಿಯಿಂದ ಹೇಳಿಕೊಡುತ್ತಾನೆ. ತನ್ನ ಕೊರಳಿಗೆ ತಾನೇ ಹಗ್ಗ ಹೊಸೆಯುತ್ತಿದ್ದೇನೆ ಅಂತ ಗೊತ್ತಿಲ್ಲದೆ.

ಈಗ ನಿನಗೆ ತೋರಿಸಬೇಕು ಅಂದುಕೊಂಡ ಜಾಗ. ದೊಡ್ಡ ಹೋಟೆಲು. ಕೊಲಂಬೋ, ಏಡ್ರಿಯನ್ ಮತ್ತು ಅವನ ಸೆಕ್ರೆಟರಿ ಕ್ಯಾರೆನ್‌ರನ್ನು ಊಟಕ್ಕೆ ಕರೆದಿದ್ದಾನೆ. ಯಾವ ತಿಂಡಿಗೆ ಯಾವ ವೈನು ಅಂತ ಚೆನ್ನಾಗಿ ಓದಿಕೊಂಡು ಬಂದಿದ್ದಾನೆ, ಮೇಷ್ಟ್ರಿಗೂ ಶಿಷ್ಯನ ಮೇಲೆ ಹೆಮ್ಮೆ. ಕೊನೆಯಲ್ಲಿ 1945ರ ಫೆರಿಯರ್ ಪೋರ್ಟ್ ಬರುತ್ತದೆ. ಅಪರೂಪದ್ದು. ಏಡ್ರಿಯನ್ ಒಂದು ಗುಟುಕು ಬಾಯಿಗೆ ಹಾಕುತ್ತಾನೆ. ಅಷ್ಟೇ, ಅಷ್ಟು ಹೊತ್ತು ರಾಜಗಾಂಭೀರ್ಯದಲ್ಲಿ ಕೂತಿದ್ದ ಮನುಷ್ಯ ಹೋಟೆಲಿಡೀ ತಿರುಗಿ ನೋಡೋ ಹಾಗೆ ಕೂಗಾಡುತ್ತಾನೆ. ಇದು ಕೆಟ್ಟಿದೆ, ಇದನ್ನು ವಿಪರೀತ ಬಿಸಿಯಲ್ಲಿ ಇಟ್ಟಿದ್ದಾರೆ ಅಂತ. ಹೋಟೆಲಿನವರು ನಡುಗಿಹೋಗುತ್ತಾರೆ.

ಆ ಬಾಟಲಿ ಹೋಟೆಲಿನದ್ದಲ್ಲ ಮಾರಾಯ. ಅವನದೇ ನೆಲಮಾಳಿಗೆಯದ್ದು. ಕೊಲಂಬೋ ಕದ್ದು ತಂದಿದ್ದು. ಏಡ್ರಿಯನ್ ಊರಲ್ಲಿಲ್ಲದ ವಾರ ಒಂದು ದಿನ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಏರ್ ಕಂಡೀಷನರ್ ಓಡುತ್ತಿದ್ದಿದ್ದರೆ ವೈನಿಗೆ ಏನೂ ಆಗುತ್ತಿರಲಿಲ್ಲ. ಅದನ್ನು ಆರಿಸಿದ್ದು ಯಾರು? ಬೇರೆ ಯಾರಾದರೂ ಆಗಿದ್ದರೆ ಒಂದು ಗುಟುಕು ಕುಡಿದು, ಚೆನ್ನಾಗಿದೆ ಅಂದು ಎದ್ದು ಹೋಗುತ್ತಿದ್ದರು. ಬಚಾವಾಗುತ್ತಿದ್ದರು. ಇವನ ನಾಲಿಗೆ ಬಿಡಲಿಲ್ಲ.

ನೋಡುವಾಗ ನಮ್ಮಮ್ಮನ ನೆನಪಾಗಿ ನಗು ಬಂತು. ಒಮ್ಮೆ ಅಣ್ಣ ದುಡ್ಡು ಉಳಿಸೋಕೆ ಚಿಕೋರಿ ಜಾಸ್ತಿ ಇರೋ ಪುಡಿ ತಂದು ಹಳೇ ಡಬ್ಬಿಗೇ ಸುರಿದಿಟ್ಟಿದ್ದ. ಅಮ್ಮ ಲೋಟವನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟಳು. "ಮಿಕ್ಕ ದುಡ್ಡು ಎಲ್ಲಿ?" ಅಂದಳು. ಅಷ್ಟೇ.

ಒಂದು ತಕರಾರು ನನಗೂ ಇದೆ. ಪೋರ್ಟ್ ಅನ್ನೋದು ದ್ರಾಕ್ಷಿಯಿಂದಲೇ ಇಳಿಸಿದ ಸ್ಪಿರಿಟ್ ಬೆರೆಸಿ ಗಟ್ಟಿ ಮಾಡಿದ ವೈನು. ಮಾಮೂಲಿ ವೈನಿಗಿಂತ ತಾಳಿಕೆ ಜಾಸ್ತಿ. ಒಂದೇ ಒಂದು ಬಿಸಿಲಿನ ದಿನಕ್ಕೆ ಅಷ್ಟು ಕೆಡುತ್ತದಾ ಅಂತ ಅನುಮಾನ. ಆದರೆ ನೋಡುವಾಗ ಅದು ತಲೆಗೆ ಬರೋದೇ ಇಲ್ಲ, ಬೆಳಿಗ್ಗೆ ಹಲ್ಲುಜ್ಜುವಾಗ ಬರುತ್ತದೆ.

ಹೆಚ್ಚು ಚುಚ್ಚಿದ್ದು ಕ್ಯಾರೆನ್ ವಿಷಯ. ಜೂಲಿ ಹ್ಯಾರಿಸ್ ಮಾಡಿದ್ದಾರೆ. ಏಡ್ರಿಯನ್‌ನ ಗುಟ್ಟು ಅವಳಿಗೆ ಗೊತ್ತಾಗಿದೆ, ಅವನಿಗಾಗಿ ಸುಳ್ಳೂ ಹೇಳಿದ್ದಾಳೆ. ಬದಲಿಗೆ ನನ್ನನ್ನು ಮದುವೆಯಾಗು ಅನ್ನುತ್ತಾಳೆ. ಅವನಿಗೆ ಅದಕ್ಕಿಂತ ಜೈಲೇ ವಾಸಿ ಅನ್ನಿಸುತ್ತದೆ. ತಮಾಷೆಯಾಗಿಯೇ ಇದೆ, ಆದರೂ ಅಷ್ಟು ವರ್ಷ ಅವನ ಕಾಗದಪತ್ರ, ಅವನ ಮರ್ಯಾದೆ ಎರಡನ್ನೂ ಕಾಯ್ದ ಹೆಂಗಸನ್ನು ಒಂದು ಜೋಕಿಗೆ ಬಳಸಿ ಬಿಟ್ಟುಬಿಟ್ಟರು ಅನ್ನಿಸಿತು. ಅವಳ ಕಡೆಯಿಂದ ಈ ಕಥೆಯನ್ನು ಯಾರಾದರೂ ಬರೆಯಬೇಕಿತ್ತು.

ಏಡ್ರಿಯನ್ ಪಾತ್ರ ಮಾಡಿದ್ದು ಡೊನಾಲ್ಡ್ ಪ್ಲೆಸೆನ್ಸ್. 1967ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಬಿಳೀ ಬೆಕ್ಕು ನೇವರಿಸುತ್ತಾ ಕೂತ ಬೋಳುತಲೆಯ ಖಳ ಇದ್ದನಲ್ಲ, ಅವರೇ. ಇಲ್ಲಿ ಮಾತ್ರ ಅವರ ಮೇಲೆ ಸಿಟ್ಟೇ ಬರುವುದಿಲ್ಲ. ತಮ್ಮನನ್ನು ಉಸಿರುಗಟ್ಟಿಸಿ ಕೊಂದವನು ಅಂತ ಗೊತ್ತು, ಆದರೂ ಸಿಕ್ಕಿಬೀಳದಿದ್ದರೆ ಸಾಕು ಅನ್ನಿಸುತ್ತದೆ. ನೀನು ಕೇಳಿದ್ದಕ್ಕೆ ನನ್ನ ಉತ್ತರ ಅದೇ ಕಣೋ. ಕೊಲೆಗಾರ ಯಾರು ಅಂತ ಮುಚ್ಚಿಟ್ಟಿದ್ದಿದ್ದರೆ ಈ ಮನುಷ್ಯನ ಜೊತೆ ಇಷ್ಟು ಹೊತ್ತು ಕೂರೋಕೆ ನಮಗೆ ಆಗುತ್ತಲೇ ಇರಲಿಲ್ಲ. ಅವನು ಹತ್ತು ಜನ ಅನುಮಾನಿತರಲ್ಲಿ ಒಬ್ಬ ಆಗಿ ಕಳೆದುಹೋಗುತ್ತಿದ್ದ.

ಕೊನೆಗೆ ಅವನು ಕೆಟ್ಟುಹೋದ ಬಾಟಲಿಗಳನ್ನೆಲ್ಲ ತಂದು, ಒಂದೊಂದಾಗಿ ಸಮುದ್ರಕ್ಕೆ ಎಸೆಯುತ್ತಿರುತ್ತಾನೆ. ತಮ್ಮನನ್ನು ಎಸೆದ ಅದೇ ಸಮುದ್ರ. ತಮ್ಮನಿಗೆ ಬಾರದ ಸಂಕಟ ಈಗ ಮುಖದಲ್ಲಿ ಕಾಣುತ್ತದೆ. ಕೊಲಂಬೋ ಅಲ್ಲಿಗೇ ಬಂದು ವಿಷಯ ಹೇಳುತ್ತಾನೆ. ಕೂಗಾಟವಿಲ್ಲ, ಬೇಡಿ ಇಲ್ಲ. ತನ್ನ ಲಟಾರಿ ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ವೈನರಿಯ ಮುಂದೆ ಗಾಡಿ ನಿಲ್ಲಿಸುತ್ತಾನೆ, ಕಡೇ ಸಲ ನೋಡಿಕೊಳ್ಳಲಿ ಅಂತ. ಒಂದು ಬಾಟಲಿ, ಎರಡು ಗ್ಲಾಸು ತೆಗೆಯುತ್ತಾನೆ. ಮಾಂಟೆಫಿಯಾಸ್ಕೋನೆ. ಊಟ ಮುಗಿದ ಮೇಲೆ ಕುಡಿಯುವ ಸಿಹಿ ವೈನು. ಏಡ್ರಿಯನ್ ಹೆಸರು ನೋಡಿ, ಚೆನ್ನಾಗಿ ಕಲಿತಿದ್ದೀರಿ ಅನ್ನುತ್ತಾನೆ. ಕೊಲಂಬೋನ ಮುಖ ಅರಳುತ್ತದೆ. ನನಗೆ ಯಾರೂ ಇಷ್ಟು ಒಳ್ಳೆ ಮಾತು ಹೇಳಿರಲಿಲ್ಲ ಅನ್ನೋ ಅರ್ಥದಲ್ಲಿ ಏನೋ ಅನ್ನುತ್ತಾನೆ.

ಒಂದೂವರೆ ಗಂಟೆಯ ಮೇಲಿದೆ, ಊಟ ಮುಗಿಸಿಕೊಂಡೇ ಕೂತ್ಕೋ. ಹೋಟೆಲಿನ ಸೀನಿನಲ್ಲಿ ಕೊಲಂಬೋನನ್ನು ನೋಡಬೇಡ, ಕ್ಯಾರೆನ್‌ಳ ಮುಖ ನೋಡು. ನೋಡಿದ ಮೇಲೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.

ಇಂತಿ,
ನಿನ್ನ ಗೆಳೆಯ